ದಾಯಾದಿ ಟ್ಯಾಂಕು

ನನ್ನ ಬೈಕಿನ ಮೈ ಕಪ್ಪು, ಪೆಟ್ರೋಲ್ ಟ್ಯಾಂಕು ನೀಲಿ. ಒಂದೇ ಬಣ್ಣ ಹೊಡೆಸಿ ಎಂದು ಹನೂರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರು ಹೇಳುತ್ತಲೇ ಇದ್ದಾರೆ. ಹೊಡೆಸುವುದಿಲ್ಲ.

ಕಪ್ಪು ಗಾಡಿ ಅಪ್ಪನದು, ನೀಲಿ ಚಿಕ್ಕಪ್ಪನದು. ಒಂದೇ ಕಂಪನಿಯಿಂದ ಒಂದರ ಹಿಂದೆ ಒಂದು ಬಂದ ಮಾಡಲ್‌ಗಳು. ಹೊನ್ನೂರಿನ ಮನೆ ಮುಂದೆ ಎರಡೂ ಜೊತೆಯಲ್ಲಿ ನಿಂತಿದ್ದ ಚಿತ್ರ ನನ್ನ ತಲೆಯಲ್ಲಿದೆ. ಅದು ನಾನು ಕಂಡದ್ದೋ, ಅಮ್ಮ ಹೇಳಿ ಹೇಳಿ ಮೂಡಿದ್ದೋ ಗೊತ್ತಿಲ್ಲ. ಒಬ್ಬನೇ ಸಾಕ್ಷಿಯನ್ನು ನಂಬಬಾರದೆಂದು ಮೈಸೂರಿನಲ್ಲಿ ಇತಿಹಾಸ ಓದುವಾಗ ಕಲಿತೆ. ಆ ಸಾಕ್ಷಿ ನಾನೇ ಆದಾಗ ಇನ್ನೂ ಅನುಮಾನ. ಒಂದು ಮಾತ್ರ ಖಚಿತ: ‘ನಂದು ದೊಡ್ ಮಾಡಲ್ಲು’ ಎಂದು ಚಿಕ್ಕಪ್ಪ ಅಪ್ಪನನ್ನು ಚುಚ್ಚದ ಹಬ್ಬವಿರಲಿಲ್ಲ. ಜಮೀನು ಭಾಗವಾಗಿ ಅವರು ಮಧುವನಹಳ್ಳಿ ಸೇರಿದ ಮೇಲೂ ಆ ಮಾತು ನಿಲ್ಲಲಿಲ್ಲ.

ಅಪ್ಪನಿಗೆ ಮಂಡಿ ನೋವು ಬಂದು ಗಾಡಿ ನನ್ನದಾಯಿತು. ಕಳೆದ ವರ್ಷ ಟ್ಯಾಂಕಿನ ತಳ ತುಕ್ಕು ತಿಂದು ಸೋರತೊಡಗಿತು. ಬೆಸುಗೆ ನಿಲ್ಲಲಿಲ್ಲ. ಈ ಮಾಡಲ್ಲಿಗೆ ಹೊಸ ಟ್ಯಾಂಕು ಬರುವುದೇ ನಿಂತಿದೆ ಎಂದರು ಕೊಳ್ಳೇಗಾಲದ ಅಂಗಡಿಯವರು. ಸುದ್ದಿ ತಿಳಿದು ಚಿಕ್ಕಪ್ಪ ಫೋನ್ ಮಾಡಿದರು.

‘ಗುಜರಿಯವ್ನಿಗೆ ಯೋಳಿವ್ನಿ ಕಣವ್ವ. ಸೋಮಾರ ಬತ್ತನೆ, ನಂದೂ ನಿಮ್ದೂ ಒಟ್ಗೆ ತಕಂಡೋಗ್ಲಿ. ಹೆಣ್ಮಗ ನೀನು, ಬಸ್ಸಲ್ಲಿ ಓಗು.’

ಹೊನ್ನೂರಿನಿಂದ ಕಾಲೇಜಿಗೆ ಬಸ್ಸೆಂದರೆ ಯಳಂದೂರಲ್ಲಿ ಇಳಿದು ಕಾಯಬೇಕು, ಕೊಳ್ಳೇಗಾಲದಲ್ಲಿ ಮತ್ತೆ ಕಾಯಬೇಕು. ಬೈಕಿದ್ದರೆ ನನ್ನ ಹೊತ್ತು ನನ್ನ ಕೈಯಲ್ಲಿ. ಬಿಡುವ ಮನಸ್ಸಿರಲಿಲ್ಲ.

‘ನಿಮ್ ಚಿಕ್ಕಪ್ಪಂದು ದಾಯಾದಿ ಗಾಡಿ ಅಲ್ವಾ ಮೇಡಂ?’ ಎಂದ ನನ್ನ ಮೆಕ್ಯಾನಿಕ್. ಒಂದೇ ಕಂಪನಿಯ ಇನ್ನೊಂದು ಮಾಡಲ್ಲಿನಿಂದ ತಂದು ಹಾಕುವುದಕ್ಕೆ ಅವನ ಬಾಯಲ್ಲಿ ‘ದಾಯಾದಿ ಪಾರ್ಟು’ ಎಂದೇ ಹೆಸರು. ನನ್ನ ಕ್ಲಚ್ ಪ್ಲೇಟು ಆಗಲೇ ಹಾಗೆ ಬಂದದ್ದು. ಟ್ಯಾಂಕನ್ನು ಮಾತ್ರ ಅವನೂ ಹಾಕಿ ನೋಡಿರಲಿಲ್ಲ.

ಭಾನುವಾರ ಗಾಡಿಯನ್ನು ಲಗೇಜ್ ಆಟೋಗೆ ಏರಿಸಿ, ಅವನನ್ನೂ ಕೂರಿಸಿಕೊಂಡು ಮಧುವನಹಳ್ಳಿಗೆ ಹೋದೆ. ಇಂಜಿನ್ ಸತ್ತ ನೀಲಿ ಗಾಡಿ ಕೊಟ್ಟಿಗೆಯಲ್ಲಿತ್ತು. ಸೀಟಿನ ಮೇಲೆ ಕೋಳಿ ಮಲಗಿತ್ತು.

‘ಟ್ಯಾಂಕ್ ಕೊಡು ಚಿಕ್ಕಪ್ಪ.’

‘ಯಾಕ್ ಕೊಡ್ಬೇಕು? ಭಾಗ ಆಗೋಗದೆ.’

‘ಭಾಗ ಆಗಿದ್ದು ಜಮೀನು. ನಾಳೆ ಗುಜರಿಗೆ ಆಕೋದನ್ನ ಇವತ್ತು ನಂಗ್ ಕೊಡು.’

ಅವರು ನಕ್ಕರು. ‘ಲೇ, ನಂದು ದೊಡ್ ಮಾಡಲ್ಲು. ನಿಮ್ಮಪ್ಪನ್ ಗಾಡಿಗೆ ಕೂರಕಿಲ್ಲ. ಕೂತ್ರೆ ತಕಂಡೋಗು!’

‘ಮಾತ್ ಕೊಟ್ಟವ್ರೆ, ನಾನೂ ಕೇಳುಸ್ಕಂಡಿವ್ನಿ’ ಎಂದರು ಒಳಗಿನಿಂದ ಚಿಕ್ಕಮ್ಮ.

ಎರಡೂ ಟ್ಯಾಂಕು ಬಿಚ್ಚಿದೆವು. ನೀಲಿಯದನ್ನು ಅಪ್ಪನ ಗಾಡಿಯ ಮೇಲಿಟ್ಟು ನಾನೇ ಮುಂದಕ್ಕೆ ನೂಕಿದೆ. ಮುಂದಿನ ರಬ್ಬರಿನ ನಡುವೆ ಗಪ್ಪನೆ ಕೂತಿತು. ಹಿಂದೆ ಬೋಲ್ಟಿನ ತೂತೂ ಎದುರಾಯಿತು. ಸ್ವಲ್ಪ ಸಂದು ಉಳಿದಿದ್ದಕ್ಕೆ ಮೆಕ್ಯಾನಿಕ್ ಹಳೆ ಟ್ಯೂಬಿನ ತುಂಡು ಕೊಟ್ಟು ಬಿಗಿದ.

‘ರಬ್ಬರ್ ಮಡುಗ್ದೆ ಕಣ್ಲಾ! ಅದು ಕೂತಂಗಲ್ಲ’ ಎಂದು ಚಿಕ್ಕಪ್ಪ ಅವನ ಮೇಲೆ ಎಗರಿದರು.

‘ಒಳಗೆ ಎರಡೂ ಒಂದೇ ಚಾಸಿ ಸಾ. ಮ್ಯಾಲಿನ ಸ್ಟಿಕ್ಕರ್ ಬ್ಯಾರೆ ಅಷ್ಟೆಯ.’

ಚಿಕ್ಕಪ್ಪ ಟ್ಯಾಂಕನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಅಲುಗಲಿಲ್ಲ. ‘ಕರೀ ಬಣ್ಣನಾರ ಒಡಸ್ಬುಡು. ನೋಡ್ದೋರು ನನ್ ಟ್ಯಾಂಕು ಅಂತರೆ.’

‘ಅನ್ಲಿ ಬುಡು.’

ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು ಎಂದು ಎಲ್ಲರಿಗೂ ಹೇಳಿಕೊಂಡಿದ್ದೇನೆ. ಬಹುಶಃ ಆಗಿರಲಿಕ್ಕಿಲ್ಲ. ಆದರೆ ಟ್ಯಾಂಕು ಕೂತಿತು. ಅದಕ್ಕೆ ನನ್ನ ನೆನಪು ಬೇಕಿಲ್ಲ, ಗಾಡಿ ಹೊರಗೆ ನಿಂತಿದೆ, ನೋಡಬಹುದು.

ಈಗಲೂ ಮಧುವನಹಳ್ಳಿ ದಾಟುವಾಗ ಅವರ ಮನೆ ಮುಂದೆ ಹಾರನ್ ಒತ್ತುತ್ತೇನೆ.

‘ಬಣ್ಣ ಒಡಸ್ನಿಲ್ವಾ ಇನ್ನೂವೆ?’ ಎಂದು ಜಗುಲಿಯಿಂದ ಕೂಗುತ್ತಾರೆ.

‘ಇಲ್ಲ!’