ಪ್ರೊಫೆಸರಮ್ಮ ಕೇಳಿದ ಪ್ರಶ್ನೆ

ಹೋದ ವಾರ ಕುಕ್ಕರಿನಲ್ಲಿ ಅಲಸಂದೆ ಕಾಳು ಬೇಯಲಿಟ್ಟು ಆಫೀಸಿನ ಮೀಟಿಂಗಿಗೆ ಕೂತಿದ್ದೆ. ಕುಕ್ಕರು ಕೂಗಿತು. ಮಳೆ ಬಿದ್ದ ಹೊಲದಂಥ ಆ ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನನ್ನೇ ಏನೋ ಕೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ಪ್ರೊಫೆಸರಮ್ಮ ನೆನಪಾಗಿದ್ದರು...

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದೇ ಈ ವಾಸನೆಯ ಬೆನ್ನುಹತ್ತಿ. ಡಾಟ್‌ಕಾಮ್ ಕಾಲವದು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಪ್ಲೆಸೆಂಟನ್‌ನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯಲ್ಲಿ ಸೀನಿದರೆ ಇಲ್ಲಿಂದಲೇ ಚಿರಂಜೀವಿ ಅನ್ನಬಹುದಿತ್ತು. ನಮ್ಮ ಮನೆಯವರ ಕಂಪನಿಯ ಷೇರು ಆಕಾಶದಲ್ಲಿತ್ತು, ನಮ್ಮ ಮನೆಯವರು ಆಫೀಸಿನಲ್ಲಿದ್ದರು. ಎರಡೂ ಮನೆಯ ಕಡೆ ಇಳಿದು ಬರುವ ಲಕ್ಷಣ ಕಾಣುತ್ತಿರಲಿಲ್ಲ. ತುಂಬು ಬಸುರಿ ನಾನು, ಒಬ್ಬಳೇ. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಎಪ್ಪತ್ತರ ಹತ್ತಿರದ, ಕಪ್ಪು ಜನಾಂಗದ ಎತ್ತರದ ಹೆಂಗಸು, ಪಕ್ಕದ ಮನೆಯವರು. ಏನು ಬೇಯಿಸುತ್ತಿದ್ದೀಯ ಎಂದು ಕೇಳಿದರು. ಅವರೂರಿನಲ್ಲಿ ಹೊಸ ವರ್ಷದ ದಿನ ಇದೇ ಕಾಳು ಬೇಯಿಸುತ್ತಾರಂತೆ. ಒಂದು ಬಟ್ಟಲು ತುಂಬಿಸಿಕೊಂಡೇ ಹೋದರು.

ಅವರು ಯಾರೆಂದು ನನಗೆ ಹೇಳಿದ್ದು ಅವರ ಮಗಳು, ಕಾರು ನಿಲ್ಲಿಸುವ ಜಾಗದಲ್ಲಿ. ಈ ದೇಶದ ದಕ್ಷಿಣದ ಒಂದು ರಾಜ್ಯದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಯೂನಿವರ್ಸಿಟಿಗೆ ಕೋರ್ಟಿನ ಆದೇಶ ತಂದು ಒಳಗೆ ಕಾಲಿಟ್ಟ ಮೊದಲ ಕಪ್ಪು ಹುಡುಗಿ ಅವರು. ಮುಂದೆ ತಾವೇ ಪ್ರೊಫೆಸರಾಗಿ, ತಮ್ಮ ಹಿಂದೆ ಬಂದ ಎಷ್ಟೋ ಮಕ್ಕಳಿಗೆ ದಾರಿ ಮಾಡಿಕೊಟ್ಟವರು. ಇಷ್ಟಾದರೂ ನನ್ನ ಹತ್ತಿರ ಅವರು ಮಾತಾಡುತ್ತಿದ್ದದ್ದು ಕಾಳು, ಸೊಪ್ಪು, ನನ್ನ ಊದಿದ ಪಾದಗಳ ಬಗ್ಗೆ. ಬಾಣಂತನಕ್ಕೆಂದು ಹಾಸನದಿಂದ ನನ್ನ ಅತ್ತೆ ಬಂದಿಳಿದ ಮೇಲೆ ಅವರಿಗೆ ಪ್ರೊಫೆಸರಮ್ಮ ಎಂದು ಹೆಸರಿಟ್ಟದ್ದು ಅತ್ತೆಯೇ. ಒಬ್ಬರಿಗೆ ಇಂಗ್ಲಿಷು ಬಾರದು, ಒಬ್ಬರಿಗೆ ಕನ್ನಡ ಬಾರದು. ಮಗುವಿಗೆ ಎಣ್ಣೆ ತಿಕ್ಕುವಾಗ ಮಾತ್ರ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ.

ಮಗುವಿಗೆ ಮೂರು ತಿಂಗಳು ತುಂಬಿದಾಗ ಅತ್ತೆ ಪ್ರೊಫೆಸರಮ್ಮನನ್ನು ಭಾನುವಾರದ ಊಟಕ್ಕೆ ಕರೆದರು. ನಮ್ಮ ಮನೆಯವರು ಭಾನುವಾರವೂ ಆಫೀಸಿನಲ್ಲೇ. ಬೆಳಗಿನಿಂದಲೇ ಅಡುಗೆ ನಡೆಯಿತು. ಮುದ್ದೆ, ಬದನೆಕಾಯಿ ಹಾಕಿದ ಅಲಸಂದೆ ಕಾಳಿನ ಸಾರು, ಶಾವಿಗೆ ಪಾಯಸ. ಮೇಜಿನ ಮೇಲೆ ಒಂದೇ ಒಂದು ತಟ್ಟೆ ಇಟ್ಟರು. ಪ್ರೊಫೆಸರಮ್ಮ ಕೂತರು. ಅತ್ತೆ ಸೌಟು ಹಿಡಿದು ಒಂದು ಪಕ್ಕ, ನಾನು ಮಗುವನ್ನೆತ್ತಿಕೊಂಡು ಇನ್ನೊಂದು ಪಕ್ಕ ನಿಂತೆವು. ಬಂದವರು ಉಂಡು ಎದ್ದ ಮೇಲೆಯೇ ಮನೆಯ ಹೆಂಗಸರ ಊಟ ಎಂಬುದು ನಮ್ಮ ಕಡೆಯ ರೂಢಿ. ಅದಕ್ಕಿಂತ ದೊಡ್ಡ ಮರ್ಯಾದೆ ಅತ್ತೆಗೆ ಗೊತ್ತಿರಲಿಲ್ಲ.

ಪ್ರೊಫೆಸರಮ್ಮ ಎರಡು ತುತ್ತು ತಿಂದರು. ಖಾಲಿ ಕುರ್ಚಿಗಳನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು, ಚಮಚ ಕೆಳಗಿಟ್ಟರು.

ಕಾಲೇಜಿನ ಊಟದ ಹಾಲ್‌ನಲ್ಲಿ ತಾನು ಯಾವ ಮೇಜಿಗೆ ಹೋಗಿ ಕೂತರೂ ಅಲ್ಲಿದ್ದವರು ಸದ್ದಿಲ್ಲದೆ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದರು ಎಂದರು. ಯಾರೂ ಬೈಯಲಿಲ್ಲವಂತೆ. ಓದು ಮುಗಿಯುವವರೆಗೂ ಹಾಗೆ ಒಬ್ಬರೇ ಉಂಡರಂತೆ... ಅವರ ದನಿ ಏರಲೇ ಇಲ್ಲ.

"ಆಗ ನಾನು ಯಾರನ್ನೂ ಕೇಳಲಿಲ್ಲ, ಸ್ವಾಭಿಮಾನ ಬಿಡಲಿಲ್ಲ. ಈಗ ಕೇಳೋ ವಯಸ್ಸಾಗಿದೆ. ನಿಮ್ಮತ್ತೆ ನಿಂತಿರೋದು ನಾನು ಅತಿಥಿ ಅಂತಲೋ, ಕಪ್ಪು ಹೆಂಗಸು ಅಂತಲೋ?"

ಅತಿಥಿ ಅಂತ, ಎಂದು ನಾನು ತಟ್ಟನೆ ಹೇಳಿಬಿಡಬೇಕಿತ್ತು. ಆದರೆ ಮದುವೆಯಾಗಿ ಅತ್ತೆಯ ಮನೆಗೆ ಹೋದ ಹೊಸತರಲ್ಲಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದ ಲೋಟವನ್ನು ನಾನು ಕಂಡಿದ್ದೆ. ಹೊಲದ ಕೆಲಸಕ್ಕೆ ಬರುವ ಕೇರಿಯವರು ತಾವೇ ಅದನ್ನು ತೆಗೆದುಕೊಂಡು, ಕಾಫಿ ಹೊಯ್ಯಿಸಿಕೊಂಡು ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದರು. ಅತ್ತೆಯ ಪರವಾಗಿ ನಾನು ಹೇಗೆ ಆಣೆ ಇಡಲಿ? ಈ ಹೆಂಗಸು ಎದ್ದು ಹೋದರೆ ಮತ್ತೆ ಯಾವ ಮುಖ ಹೊತ್ತು ಅವರ ಬಾಗಿಲು ತಟ್ಟಲಿ? ಬೇರೆ ದಾರಿ ಕಾಣದೆ ಅವರ ಮಾತನ್ನು ಒಂದೂ ಬಿಡದೆ ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಸೌಟನ್ನು ಪಾತ್ರೆಯೊಳಗೆ ಇಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಮನೆಗೆ ಬಂದೋರು ಅಂತಲೇ ನಿಂತಿದ್ದು ಕಣವ್ವ, ಈ ಮಗಿನಾಣೆ," ಎಂದರು. ನಾನು ಖುಷಿಯಿಂದ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. "ತಡಿ, ಇನ್ನೊಂದೈತೆ. ನಮ್ಮೂರಲ್ಲಿ ಆಳುಗಳಿಗೆ ಬ್ಯಾರೆ ಲೋಟ ಮಡಗಿದ್ದೆ. ಅವರ ಜೊತೇಲಿ ಕೂತು ಒಂದು ದಿನಾನೂ ಉಂಡೋಳಲ್ಲ. ಅದ್ನೂ ಹೇಳು. ಮುಚ್ಚಿಟ್ಟು ಬಡಿಸಿದ್ರೆ ಉಂಡಿದ್ದು ಮೈಗೆ ಹತ್ತಕಿಲ್ಲ."

ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಕೋಪ ಬಂತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು, ಅಲ್ಲಿಗೇ ನಿಲ್ಲಿಸಿದ್ದರೆ ಗಂಟೇನು ಹೋಗುತ್ತಿತ್ತು? ಅರ್ಧವನ್ನು ನುಂಗಿಬಿಡೋಣ ಅನ್ನಿಸಿತು ಕೂಡ. ಆದರೆ ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳಿದೆ, ಲೋಟದ ಸಮೇತ.

ಪ್ರೊಫೆಸರಮ್ಮ ಅತ್ತೆಯ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಪಕ್ಕದ ಕುರ್ಚಿಯನ್ನು ಹೊರಕ್ಕೆಳೆದರು.

"ಆ ಊಟದ ಹಾಲ್‌ನಲ್ಲಿ ನನಗೆ ಯಾರೂ ಇಷ್ಟು ನಿಜ ಹೇಳಲಿಲ್ಲ," ಎಂದರು. "ಕೂತ್ಕೊಳ್ಳೋಕೆ ಹೇಳು."

ಅತ್ತೆ ಕುರ್ಚಿಯ ತುದಿಯಲ್ಲಿ ಕೂತರು. ನಾನೇ ಬಡಿಸಿದೆ. ಪ್ರೊಫೆಸರಮ್ಮ ಮುದ್ದೆಯನ್ನು ಅಗಿಯುವುದನ್ನು ಕಂಡ ಅತ್ತೆಗೆ ತಡೆಯಲಾಗದೆ, ತುತ್ತು ಮುರಿದು ಸಾರಿನಲ್ಲಿ ಅದ್ದಿ ಗುಳುಂ ಎನಿಸಿ ತೋರಿಸಿದರು. ಪ್ರೊಫೆಸರಮ್ಮ ಹಾಗೇ ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು. ಅತ್ತೆ ಎದ್ದು ಅವರ ನೆತ್ತಿ ತಟ್ಟಿದರು. ಇಬ್ಬರೂ ನಗತೊಡಗಿದರು. ನನಗೆ ಹೋದ ಜೀವ ಬಂದಂತಾಯಿತು. ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಸ್ವಲ್ಪ ಕಣ್ಣೀರು ಹಾಕಿದೆ, ಅದು ಸಂಕಟದ ಅಳುವಲ್ಲ. ಅಲ್ಲಿಂದಾಚೆ ಅತ್ತೆಯ ವೀಸಾ ಮುಗಿಯುವವರೆಗೂ ಭಾನುವಾರದ ಊಟಕ್ಕೆ ಎಲ್ಲರದೂ ಒಟ್ಟಿಗೇ ತಟ್ಟೆ.

ಆಮೇಲೆ ಷೇರು ನೆಲಕ್ಕೆ ಬಿತ್ತು, ನಮ್ಮ ಮನೆಯವರು ಮನೆಗೆ ಬಂದರು. ನಾವು ಲಿವರ್‌ಮೋರ್‌ಗೆ ಬಂದೆವು, ಪ್ರೊಫೆಸರಮ್ಮ ಮಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಹೋಗಿಬರುತ್ತಿದ್ದೆವು, ಕ್ರಮೇಣ ಕಡಿಮೆಯಾಯಿತು... ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹಾಸಿಗೆಯಿಂದ ಏಳಲಾಗದ ದಿನಗಳಲ್ಲೂ ನಿನ್ನ ಅತ್ತೆ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಅವರ ಹಾಗೆ ನೇರವಾಗಿ ಪ್ರಶ್ನೆ ಕೇಳುವವರು ನನ್ನ ಸುತ್ತ ಈಗ ಯಾರೂ ಇಲ್ಲ.

ಮೀಟಿಂಗು ಮುಗಿಸಿ ಹಾಸನಕ್ಕೆ ಫೋನು ಮಾಡಿದೆ. ಅತ್ತೆಗೆ ಈಗ ಕಿವಿ ಮಂದ, ಭಾವನ ಮಗಳು ಸ್ಪೀಕರು ಹಾಕಿ ಕೊಟ್ಟಳು. ಪ್ರೊಫೆಸರಮ್ಮ ನೆನಪಾದರು ಅತ್ತೆ, ಎಂದು ಕೂಗಿ ಹೇಳಿದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೂಗುವಷ್ಟರಲ್ಲಿ ಅತ್ತೆ ಮಾತಾಡಿದರು.

"ನಮ್ಮ ಕೊಟ್ಟಿಗೇಲಿ ನಿಂತು ಕುಡಿದೋರು ಒಬ್ಬರೂ ಕೇಳ್ನಿಲ್ಲ ಕಣವ್ವ. ಸದ್ಯ, ಆಯಮ್ಮನಾದ್ರೂ ಕೇಳಿದ್ಲು."