ಉಳಿದಷ್ಟು ಇರಲಿ ಎಂದ ನಮ್ಮ ಮೇಡಂ

ಕಾಫಿ ಕುಡಿಯುವಾಗ ನಮ್ಮ ಪಿ.ಟಿ. ಮೇಡಂ ತೋರುಬೆರಳಿನಿಂದ ತುಟಿಯ ಎಡತುದಿಯನ್ನು ಒತ್ತಿ ಹಿಡಿಯುತ್ತಾರೆ. ಹಿಡಿಯದಿದ್ದರೆ ಕಾಫಿ ಆ ಮೂಲೆಯಿಂದ ಗದ್ದಕ್ಕೆ ಇಳಿಯುತ್ತದೆ. ನಕ್ಕರೆ ಮುಖದ ಬಲಭಾಗ ಮಾತ್ರ ನಗುತ್ತದೆ, ಎಡಭಾಗ ಸುಮ್ಮನಿರುತ್ತದೆ. ಎಡಗಣ್ಣು ನಿದ್ದೆಯಲ್ಲೂ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೆಂದು ಹೆಗಲಚೀಲದಲ್ಲಿ ಸದಾ ಡ್ರಾಪ್ಸ್ ಇಟ್ಟುಕೊಂಡಿರುತ್ತಾರೆ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ದಿಟ್ಟಿಸಿ ನೋಡಿ, "ಸ್ಟ್ರೋಕ್ ಆಗಿತ್ತಾ?" ಎಂದು ಕೇಳಿದರು. ಮೇಡಂ, "ಇಲ್ಲಮ್ಮ, ತಲೇಲಿ ಗಡ್ಡೆ ಇತ್ತು. ತೆಗೆದ್ರು. ಇನ್ನೂ ಸ್ವಲ್ಪ ಇದೆ" ಎಂದರು, ಪಾತ್ರೆಯಲ್ಲಿ ಮಿಕ್ಕ ಅನ್ನದ ವಿಷಯ ಹೇಳುವಂತೆ.

ಮಲ್ಲೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಖೊಖೊ ಕಲಿಸಿದವರು ಅವರು. ಎತ್ತರದ ಆಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ನಮ್ಮ ಜೊತೆ ಓಡುತ್ತಿದ್ದರು. ಬಿದ್ದು ಮಂಡಿ ತರಚಿಕೊಂಡರೆ ಮೊದಲು ಬೈಗುಳ, ಆಮೇಲೆ ಅರಿಶಿನ. ಖೊಖೊದಲ್ಲಿ ಬೆನ್ನಟ್ಟುವವರು ಒಮ್ಮೆ ಹೆಜ್ಜೆ ಇಟ್ಟ ಮೇಲೆ ದಿಕ್ಕು ಬದಲಿಸುವಂತಿಲ್ಲ. ನಾನೋ, ಎದ್ದು ನಿಂತ ಮೇಲೆ ಎಡವೋ ಬಲವೋ ಎಂದು ತಬ್ಬಿಬ್ಬಾಗುತ್ತಿದ್ದೆ. "ಎದ್ಮೇಲೆ ಯೋಚನೆ ಮಾಡ್ಬೇಡ ಕಣೆ, ಕೂತಿರುವಾಗ್ಲೇ ನೋಡ್ಕೊಂಡಿರು" ಎನ್ನುತ್ತಿದ್ದರು. ನನಗದು ಬರಲೇ ಇಲ್ಲ. ಯಾವ ಕಾಲೇಜು, ಯಾವ ಕೆಲಸ, ಯಾವ ಗಂಡು ಎಂಬುದನ್ನೆಲ್ಲ ನಮ್ಮ ಮನೆಯವರೇ ಹೇಳಿದರು. ನಾನು ತಲೆಯಾಡಿಸಿದೆ.

ಅವರ ಎಡಗಿವಿ ಮಂದವಾಗತೊಡಗಿದ್ದು, ನಾನು ಶೇಷಾದ್ರಿಪುರದ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ವಯಸ್ಸಾಗುತ್ತಿದೆ ಎಂದುಕೊಂಡು ಸುಮ್ಮನಿದ್ದರು. ನಡೆಯುವಾಗ ವಾಲತೊಡಗಿದ ಮೇಲೆ ಸ್ಕ್ಯಾನ್ ಮಾಡಿಸಿದರು. ಕಿವಿಯ ನರದ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಮೆದುಳಿನ ಬುಡವನ್ನು ಒತ್ತುತ್ತಿತ್ತು. ಮೊದಲ ಆಪರೇಷನ್‌ನಲ್ಲಿ ಬಹುಪಾಲು ತೆಗೆದು, ಅಪಾಯದ ಜಾಗದಲ್ಲಿದ್ದ ಸ್ವಲ್ಪವನ್ನು ಹಾಗೇ ಬಿಟ್ಟರು. ಎಡಗಿವಿ ಹೋಯಿತು, ಮುಖದ ನರ ಸೋತಿತು. ತುಟಿಯಲ್ಲಿ ಸೀಟಿ ಕಚ್ಚಿ ಹಿಡಿಯಲಾಗದ ಮೇಡಂ, ನಿವೃತ್ತಿಯವರೆಗೂ ಚಪ್ಪಾಳೆ ತಟ್ಟಿಯೇ ಆಟ ಆಡಿಸಿದರು. ಹೊಸ ಹುಡುಗಿಯರು ಹಿಂದೆ ನಿಂತು ಅವರ ಮುಖವನ್ನು ಅಣಕಿಸಿದರೆ, "ಇನ್ನೂ ಸ್ವಲ್ಪ ಬಲಕ್ಕೆ ಎಳಿ, ಆಗ ಸರಿಯಾಗತ್ತೆ" ಎಂದು ತಾವೇ ತಿರುಗಿ ತಿದ್ದುತ್ತಿದ್ದರು.

ಆ ಹೊತ್ತಿಗೆ ನಾನು ಮತ್ತಿಕೆರೆಯಲ್ಲಿದ್ದೆ. ಆಫೀಸು ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಅವರ ಮನೆ. ಮಾಗಡಿ ಕಡೆಯ ಹಳ್ಳಿಯಿಂದ ಬಂದ ಅವರ ತಂದೆ ಕಟ್ಟಿಸಿದ್ದು. ಕೆಳಗೆ ತಮ್ಮನ ಸಂಸಾರ, ಮೇಲೆ ಮದುವೆಯಾಗದ ಮೇಡಂ. ಆ ತಮ್ಮ ಸಿಮೆಂಟ್ ವ್ಯಾಪಾರದವರು. ಅಕ್ಕ ಎಂದರೆ ಪ್ರಾಣ, ಆದರೆ ಆಸ್ಪತ್ರೆಯ ವಾಸನೆ ಬಡಿದರೆ ಅವರ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ವರ್ಷವರ್ಷದ ಸ್ಕ್ಯಾನಿಗೆ ಮೇಡಂ ಜೊತೆ ಹೋಗುವುದು ನನ್ನ ಪಾಲಿಗೆ ಬಂತು.

ಹಾಗೆ ಹೋದ ಒಂದು ವರ್ಷ, ಡಾಕ್ಟರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಉಳಿದಿದ್ದ ಭಾಗ ಸ್ವಲ್ಪ ಬೆಳೆದಿತ್ತು. ಮತ್ತೆ ಆಪರೇಷನ್ ಮಾಡಬಹುದು, ಆದರೆ ಈ ಸಲ ನುಂಗುವ ನರಗಳು ಹತ್ತಿರದಲ್ಲೇ ಇವೆ. ಅವಕ್ಕೆ ಪೆಟ್ಟಾದರೆ ಊಟ ಟ್ಯೂಬಿನಲ್ಲೇ ಆಗಬೇಕಾಗಬಹುದು. ಸುಮ್ಮನಿದ್ದರೆ ಅದು ಅಷ್ಟಕ್ಕೇ ನಿಲ್ಲಲೂಬಹುದು, ಬೆಳೆಯಲೂಬಹುದು. ರೇಡಿಯೇಷನ್ ಬಗ್ಗೆ ನಾವೇ ಕೇಳಿದೆವು. ಅದರಿಂದ ಗಡ್ಡೆ ಇರುವ ಜಾಗದಲ್ಲಿ ಊತ ಬಂದರೆ ಕಷ್ಟ, ತಾವು ಅದನ್ನು ಒಪ್ಪುವುದಿಲ್ಲ ಎಂದರು ಡಾಕ್ಟರು.

ಆ ಭಾನುವಾರ ತಮ್ಮ ಮೇಲಕ್ಕೆ ಬಂದು ಕೂತರು. "ಅಕ್ಕ, ಒಂದೇ ಸಲ ಪೂರ್ತಿ ತೆಗೆಸಿಬಿಡೋಣ. ಇದನ್ನ ತಲೇಲಿಟ್ಕೊಂಡು ಎಷ್ಟು ದಿನ ಅಂತ ಇರ್ತೀಯ?"

"ನೀನು ಇಟ್ಕೊಂಡಿಲ್ವಲ್ಲ, ನಿಂಗ್ಯಾಕಪ್ಪ ಭಾರ?" ಎಂದು ಮೇಡಂ ಅವರ ತಟ್ಟೆಗೆ ಇನ್ನೊಂದು ನಿಪ್ಪಟ್ಟು ಹಾಕಿದರು. ತಮ್ಮನ ಕಣ್ಣು ತುಂಬಿದ್ದನ್ನು ನೋಡಿ ದನಿ ತಗ್ಗಿಸಿದರು. "ಬೇಡ ಅಂತಿಲ್ವೋ. ಇನ್ನೊಂದು ಸಲ ಡಾಕ್ಟರ್‌ನ ಕೇಳ್ಕೊಂಡು ಬರ್ತೀನಿ, ತಡಿ."

ಮುಂದಿನ ವಾರ ಮೇಡಂ ಡಾಕ್ಟರನ್ನು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. "ಡಾಕ್ಟ್ರೇ, ಈಗ ಮಾಡಿಸ್ಲಾ ಬೇಡ್ವಾ ಅಂತ ಕೇಳಲ್ಲ. ಏನಾದ್ರೆ ಮಾಡಿಸ್ಲೇಬೇಕು, ಅದನ್ನ ಹೇಳಿ. ನೆಟ್ಟಗಿರುವಾಗ್ಲೇ ತಿಳ್ಕೊಂಡಿರ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಡಿಗೆ ಮತ್ತೆ ವಾಲತೊಡಗಿದರೆ, ನೀರು ಕುಡಿಯುವಾಗ ಪದೇಪದೇ ನೆತ್ತಿಗೇರಿದರೆ, ಅಥವಾ ಸ್ಕ್ಯಾನಿನಲ್ಲಿ ಮೆದುಳಿನ ಬುಡ ಇನ್ನಷ್ಟು ಒತ್ತಿಹೋಗಿರುವುದು ಕಂಡರೆ ಕಾಯುವಂತಿಲ್ಲ ಎಂದರು. "ಸರಿ. ಅಲ್ಲೀವರೆಗೂ ನನ್ನ ಪಾಡಿಗೆ ನನ್ನ ಬಿಡಿ" ಎಂದು ಮೇಡಂ ಎದ್ದರು. ಹೊರಗೆ ಬಂದು ಆಟೋ ಹತ್ತುವಾಗ, ಹೆದರಿಕೆಯಾಗುತ್ತಿದೆಯಾ ಎಂದು ಕೇಳಿದೆ. "ಆಗ್ದೇ ಇರುತ್ತಾ?" ಎಂದರು.

ಆಮೇಲೆ ಕಾದ ಆ ಕಾಲವನ್ನು ಅವರು ಕಾದಂತೆ ಕಳೆಯಲಿಲ್ಲ. ನಿವೃತ್ತಿಯ ಮೇಲೂ ಬೆಳಗ್ಗೆ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸಿದರು. ಸಂಪಿಗೆ ರಸ್ತೆಯಲ್ಲಿ ಕನಕಾಂಬರಕ್ಕೆ ಚೌಕಾಸಿ ಮಾಡಿದರು. ತಮ್ಮನ ಮಗಳ ಮದುವೆಯಲ್ಲಿ ಬಡಿಸುವವರ ಹಿಂದೆ ಮುಂದೆ ಓಡಾಡಿದರು. ಯಾರಾದರೂ ಕನಿಕರದಿಂದ ತಲೆಯ ವಿಷಯ ಎತ್ತಿದರೆ, "ಅದು ಅದರ ಪಾಡಿಗಿದೆ, ನಾನು ನನ್ನ ಪಾಡಿಗಿದೀನಿ" ಎಂದು ಅಲ್ಲಿಗೇ ಮುಗಿಸುತ್ತಿದ್ದರು.

ಒಂದು ಸಂಜೆ ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಮೇಡಂ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದರು. ನೆಲದ ಮೇಲೆ ನೀರಿನ ಲೋಟ ಉರುಳಿತ್ತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು. "ಈ ವಾರದಲ್ಲಿ ಹೀಗಾಗ್ತಾನೇ ಇದೆ ಕಣೆ" ಎಂದರು. "ನಿನ್ನೆ ಮೈದಾನದಲ್ಲೂ ವಾಲ್ದೆ. ನಡಿ, ಡಾಕ್ಟರ್‌ಗೆ ಫೋನ್ ಮಾಡೋಣ. ಟೈಮ್ ಬಂತು."

ಈಗ ಬೇಡ ಎನ್ನುವ ಸರದಿ ತಮ್ಮನದು. ಜಾತಕ ತೋರಿಸೋಣ, ಆಷಾಢ ಕಳೀಲಿ, ಇನ್ನೊಬ್ಬ ಡಾಕ್ಟರನ್ನು ನೋಡೋಣ ಎಂದರು. ಮೇಡಂ ಇನ್ನೊಬ್ಬ ಡಾಕ್ಟರನ್ನು ನೋಡಲು ಮಾತ್ರ ಒಪ್ಪಿದರು. ಅವರೂ ಆಪರೇಷನ್ ಆಗಲೇಬೇಕು ಎಂದ ಮೇಲೆ ಮೇಡಂ ಬಟ್ಟೆ ಜೋಡಿಸಿಕೊಂಡರು.

ಅಡ್ಮಿಟ್ ಆದ ದಿನ ಅವರು ಡಾಕ್ಟರ ಎದುರಿಗೇ ನನ್ನ ಮಣಿಕಟ್ಟು ಹಿಡಿದುಕೊಂಡರು. "ಒಳಗೆ ಹೋದ್ಮೇಲೆ ನನ್ನ ಕೇಳಕ್ಕಾಗಲ್ಲ. ಕೇಳೋದೇನಾದ್ರೂ ಬಂದ್ರೆ ಇವಳನ್ನ ಕೇಳಿ." ನನ್ನ ಕಡೆ ತಿರುಗಿ ಹೇಳಿದರು, "ಪೂರ್ತಿ ತೆಗೆದ್ರೆ ನುಂಗಕ್ಕಾಗಲ್ಲ ಅನ್ನೋ ಹಾಗಿದ್ರೆ ಉಳಿದಷ್ಟು ಇರಲಿ. ನನ್ನ ತಮ್ಮಂಗೆ ನಾನು ಪೂರ್ತಿ ವಾಸಿಯಾಗ್ಬೇಕು ಅಂತ ಆಸೆ. ಅದು ತಪ್ಪಲ್ಲ. ಆದ್ರೆ ಗಂಟಲು ನಂದು."

"ಮೇಡಂ, ನನ್ನ ಕೈಲಿ ಇದೆಲ್ಲ..." ಎಂದೆ.

"ಗೊತ್ತು" ಎಂದರು. ಮಣಿಕಟ್ಟು ಬಿಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಮಾಸ್ಕು ಕುತ್ತಿಗೆಗೆ ಇಳಿದಿತ್ತು. ಒತ್ತುತ್ತಿದ್ದ ಭಾಗವನ್ನೆಲ್ಲ ತೆಗೆದಾಗಿದೆ, ಒಂದು ತೆಳು ಪದರ ಮಾತ್ರ ನುಂಗುವ ನರಕ್ಕೆ ಅಂಟಿಕೊಂಡಿದೆ ಎಂದರು. ಅದನ್ನೂ ಬಿಡಿಸಲು ಪ್ರಯತ್ನಿಸಬಹುದು. ಬಿಡಿಸಿದರೆ ಮತ್ತೆ ಬೆಳೆಯುವ ಸಾಧ್ಯತೆ ಕಡಿಮೆಯಾಗುತ್ತದೆ, ಆದರೆ ನರ ಉಳಿಯುತ್ತದೆಂಬ ಭರವಸೆ ಕೊಡಲಾರೆ ಎಂದರು.

"ತೆಗೆದುಬಿಡಿ ಸಾರ್" ಎಂದರು ತಮ್ಮ. "ಇಷ್ಟೆಲ್ಲ ಪಟ್ಟು ಮತ್ತೆ ಯಾಕೆ ಉಳಿಸೋದು? ಮತ್ತೆ ಬೆಳೆದ್ರೆ ಅವಳು ಇನ್ನೊಂದು ಸಲ ತಡ್ಕೊತಾಳಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ನಾಳೆ ಅದು ಬೆಳೆದರೆ ಈ ಮನುಷ್ಯನ ಮುಖವನ್ನು ಹೇಗೆ ನೋಡಲಿ ಎಂದು ಒಂದು ಕ್ಷಣ ಅನ್ನಿಸಿತು. "ಬಿಟ್ಬಿಡಿ ಡಾಕ್ಟ್ರೇ" ಎಂದೆ. "ಉಳಿದಷ್ಟು ಇರಲಿ ಅಂದಿದಾರೆ." ಅವರು ತಲೆಯಾಡಿಸಿ ಒಳಗೆ ಹೋದರು. ತಮ್ಮ ದೂರದ ಬೆಂಚಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಆಮೇಲೆ ಹತ್ತಿರ ಹೋಗಿ ನೀರಿನ ಬಾಟಲಿ ಕೊಟ್ಟೆ. ತೆಗೆದುಕೊಂಡರು.

ಐಸಿಯುವಿನಿಂದ ಹೊರಬಂದ ಮೇಡಂ ಅವರ ದನಿ ಒಡೆದಿತ್ತು. ಗಂಜಿ, ಆಮೇಲೆ ಇಡ್ಲಿ, ಆಮೇಲೆ ಮಿದುವಾದ ಅನ್ನ, ಒಂದೊಂದನ್ನೂ ನರ್ಸ್ ಎದುರಿಗೆ ಕೂತು ತಿನ್ನಿಸಿ ನೋಡಿದರು. ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ತಮ್ಮ ನನಗೆ ಫೋನ್ ಮಾಡಿದರು. ಹೆದರಿಕೊಂಡೇ ಎತ್ತಿದೆ. "ಅಕ್ಕ ಮುದ್ದೆ ತಿಂದಳಮ್ಮ" ಎಂದರು. "ಸೊಪ್ಪಿನ ಸಾರಲ್ಲಿ. ಚಿಕ್ಕ ಚಿಕ್ಕ ತುತ್ತು. ನುಂಗಿದಳು, ಕೆಮ್ಮಲೇ ಇಲ್ಲ." ಆಮೇಲೆ, "ನೀನು ಅವತ್ತು ಹೇಳಿದ್ದೇ ಸರಿಹೋಯ್ತು" ಎಂದರು. ಆಫೀಸಿನಲ್ಲಿದ್ದೇನೆ ಎಂಬುದನ್ನೂ ಮರೆತು ಅತ್ತುಬಿಟ್ಟೆ.

ಆ ತೆಳು ಪದರ ಈಗಲೂ ಅಲ್ಲೇ ಇದೆ. ಇಲ್ಲಿಯವರೆಗೆ ಬೆಳೆದಿಲ್ಲ. ಮುಂದೆ ಬೆಳೆಯುವುದೇ ಇಲ್ಲ ಎಂದು ಯಾರೂ ಹೇಳಿಲ್ಲ. ಮೇಡಂ ಈಗ ಕೋಲು ಹಿಡಿದು ಮೈದಾನಕ್ಕೆ ಹೋಗುತ್ತಾರೆ. ದನಿ ದೂರಕ್ಕೆ ಕೇಳುವುದಿಲ್ಲವೆಂದು ಹುಡುಗಿಯರನ್ನೇ ಹತ್ತಿರ ಕೂರಿಸಿಕೊಳ್ಳುತ್ತಾರೆ.

ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಮಾತನ್ನು ನನ್ನ ಬಾಯಿಗೆ ಬಿಟ್ಟವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಹೆತ್ತವರಿಗೆ ನನ್ನ ಮೇಲೆ ಪ್ರೀತಿ ಇತ್ತು, ಗಂಡನಿಗೂ ಇದೆ. ಆದರೆ ನಾನು ನಿಂತು ಹೇಳಬಲ್ಲೆ ಎಂದು ನಂಬಿದವರು ಮೇಡಂ. ಅವರ ಋಣವನ್ನು ಹೇಗೆ ತೀರಿಸಬೇಕೋ ತಿಳಿಯದು.

ಈ ವರ್ಷದ ಸ್ಕ್ಯಾನ್ ಮುಗಿಸಿ ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ನಾನು ಎಂದಿನಂತೆ ಅವರ ಬಲಗಿವಿಯ ಪಕ್ಕ ಕೂತೆ.

"ಮತ್ತೆ ಆಪರೇಷನ್ ಅಂತೇನಾದ್ರೂ ಬಂದ್ರೆ ನಿನ್ನ ಹೆಸರೇ ಹೇಳಿದೀನಿ ಡಾಕ್ಟರ್‌ಗೆ" ಎಂದರು.

"ನನ್ನ ಒಂದು ಮಾತೂ ಕೇಳ್ದೇನೇ?"

"ಕೇಳಿದ್ರೆ ನೀನು ಯೋಚನೆ ಮಾಡಿ ಹೇಳ್ತೀನಿ ಅಂತಿದ್ದೆ."

ನಾನು ಯೋಚನೆ ಮಾಡಲಿಲ್ಲ. "ಆಯ್ತು ಮೇಡಂ" ಎಂದೆ.