ಹತ್ತು ಲಕ್ಷದ ಹದಿನೆಂಟು ಸಾವಿರದ ಎಂಬತ್ತೊಂದು

ಗೂಡ್ಸ್ ರೈಲಿನ ಬೋಗಿಗಳ ಮೇಲೆ ನಂಬರು ಬರೆಯುವುದು ಅವನ ಕೆಲಸ. ಯಾರ್ಡಿನವರೆಲ್ಲ ನಂಬರ್ ಮಾಮ ಅನ್ನುತ್ತಿದ್ದರು. ಒಂದು ಬದಿಗೆ ಬಿಳಿ ಬಣ್ಣದಲ್ಲಿ ಬರೆದು, ಸುತ್ತಿ ಬಂದು, ಇನ್ನೊಂದು ಬದಿಗೂ ಅದನ್ನೇ ಬರೆಯಬೇಕು. ಬಣ್ಣ ಒಣಗುವವರೆಗೆ ಈ ಪುಣ್ಯಾತ್ಮ ಸುಮ್ಮನೆ ಕೂರುವವನೇ? ಸೀಮೆಸುಣ್ಣ ಹಿಡಿದು ಬೋಗಿಯ ಅಡಿಪಟ್ಟಿಯ ಮೇಲೆ ಭಾಗಾಕಾರ ಹಾಕುತ್ತಿದ್ದ. ಮೂರರಿಂದ ಹೋಗುತ್ತದೋ, ಏಳರಿಂದಲೋ, ಹದಿಮೂರರಿಂದಲೋ!

ಸಂಜೆ ಹೆಂಡತಿಗೆ ಅದೇ ವರದಿ. ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ. ಭಾಗವಾಗುವ ನಂಬರಿಗೆ ನೆಂಟರಿದ್ದಾರೆ, ಆಗದ್ದಕ್ಕೆ ಯಾರೂ ಇಲ್ಲ ಅಂತ ತಿಳಿದುಕೊಂಡಿದ್ದಳು, ಅಷ್ಟೇ. ಮಕ್ಕಳಿಲ್ಲದ ಮನೆಯಲ್ಲಿ ಆ ನಂಬರುಗಳ ಸುದ್ದಿಯೇ ಊಟದ ಹೊತ್ತಿನ ಮಾತು.

ಒಮ್ಮೆ 10,18,081 ಬಂತು. ತಿಂಗಳುಗಟ್ಟಲೆ ಒದ್ದಾಡಿದರೂ ಅದು ಯಾವುದಕ್ಕೂ ಜಗ್ಗಲಿಲ್ಲ. ಎರಡು ಸಂಖ್ಯೆ ಗುಣಿಸಿ ಇದು ಬರುವುದಾದರೆ ಚಿಕ್ಕದು ಸಾವಿರದ ಆಸುಪಾಸಿನೊಳಗೇ ಇರಬೇಕು. ಆಸುಪಾಸು ಯಾಕೆ, ಸಾವಿರವೇ ಸಾಕು ಅಂದುಕೊಂಡ ಮಾಮ, ಅದರೊಳಗೆ ನೋಡಬೇಕಾದ ಕೊನೆಯ ಸಂಖ್ಯೆ 997ನ್ನು ಮುಗಿಸಿ ಕೈ ತೊಳೆದುಕೊಂಡ. ಅವಸರದ ಬುದ್ಧಿ!

"ಇದು ಒಂಟಿ ಕಣೇ," ಎಂದ.

"ಅಯ್ಯೋ ಪಾಪ," ಅಂದಳು ಅವಳು. ಆಮೇಲೆ ಎಷ್ಟೋ ವರ್ಷ ನೆನೆಸಿಕೊಂಡು ಕೇಳುತ್ತಿದ್ದಳು, ಊರು ಬಿಟ್ಟ ನೆಂಟನನ್ನು ವಿಚಾರಿಸುವ ಹಾಗೆ.

ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದಾಗಲೂ ಕೇಳಿದಳು. "ರೀ, ಆ ಒಂಟಿ ನಂಬರ್ ಇನ್ನೊಂದ್ಸಲ ನೋಡ್ರೀ. ಅದಕ್ಕೂ ಯಾರೋ ಇದ್ದಾರೆ ಅಂತ ಗೊತ್ತಾದ್ರೆ ನಂಗೊಂದು ಸಮಾಧಾನ."

"ನೋಡಿ ಆಗಿದೆ. ಯಾರೂ ಇಲ್ಲ."

"ಒಂದೇ ಒಂದ್ಸಲ."

"ತಲೆ ತಿನ್ಬೇಡ, ಸುಮ್ನೆ ಮಲಕ್ಕೋ!"

ಅವಳು ಹೋಗಿಬಿಡುತ್ತಾಳೆಂಬ ಹೆದರಿಕೆ ಅವನ ಬಾಯಲ್ಲಿ ಸಿಟ್ಟಾಗಿ ಬಂತು. ಅವಳು ಗೋಡೆ ಕಡೆ ತಿರುಗಿದಳು. ಆ ವಾರವೇ ತೀರಿಹೋದಳು.

ಕೆಲವು ತಿಂಗಳ ಮೇಲೆ ಅದೇ ಬೋಗಿ ತುಕ್ಕು ಹಿಡಿದು, ಗುಜರಿಗೆಂದು ಯಾರ್ಡಿಗೆ ಬಂತು. ಮಾಮ ಅದರ ನಂಬರನ್ನೇ ನೋಡುತ್ತ ನಿಂತ. ಅವಳು ಕೇಳಿದ್ದಳಲ್ಲ, ಈಗಲಾದರೂ ನೋಡೋಣ ಅಂತ ಸೀಮೆಸುಣ್ಣ ತೆಗೆದ. ಬಿಟ್ಟಿದ್ದು 997ಕ್ಕೆ. ನಡುವಿನವೆಲ್ಲ ಚಿಕ್ಕ ಸಂಖ್ಯೆಗಳಿಂದಲೇ ಭಾಗವಾಗುವಂಥವು, ಅವನ್ನು ನೋಡಬೇಕಿಲ್ಲ; ನೋಡಬೇಕಾದ ಮುಂದಿನ ಸಂಖ್ಯೆ 1009. ಹಾಕಿದ. ಶೇಷ ಸೊನ್ನೆ. ಉತ್ತರವೂ 1009! ಇದಕ್ಕೆ ಜೊತೆ ಇತ್ತು, ಮೊದಲಿನಿಂದಲೂ ಇತ್ತು. ಇನ್ನೊಂದೇ ಒಂದು ಸಲ ಭಾಗಿಸಿದ್ದರೆ ಸಾಕಿತ್ತು. ಅವಳು ಕೇಳಿದ್ದೂ ಅಷ್ಟನ್ನೇ.

ಮೇಸ್ತ್ರಿ ಬರುವಷ್ಟರಲ್ಲಿ ಮಾಮ ಮಾಸಿದ ನಂಬರಿನ ಮೇಲೆ ಹೊಸದಾಗಿ ಬರೆಯುತ್ತಿದ್ದ.

"ಗುಜರಿಗೆ ಹೋಗೋದಕ್ಕೆ ಬಣ್ಣ ಯಾಕಪ್ಪಾ?"

"ಇದಕ್ಕೆ ಜೊತೆ ಇದೆ ಸಾರ್. ಅವಳು ಕೇಳಿದ್ಲು, ನಾನು ಇಲ್ಲ ಅಂದ್ಬಿಟ್ಟೆ."

ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಮಾಮ ಬರೆದು ಮುಗಿಸಿ, ಸುತ್ತಿ ಬಂದು, ಇನ್ನೊಂದು ಬದಿಗೆ ಕುಂಚ ಎತ್ತಿದ. ಕೈ ಮುಂದೆ ಹೋಗಲಿಲ್ಲ. ಹಳಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.